ನರ್ಸಮ್ಮ ಹೊಸಿಲು ದಾಟದ ದಿನ

ಕಳೆದ ವಾರ ನೆಂಟರೊಬ್ಬರ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದೆ. ಬಚ್ಚಲ ಗೂಡಿನಲ್ಲಿ ಕೆಂಪು ಕಾರ್ಬಾಲಿಕ್ ಸೋಪಿತ್ತು. ಈಗಲೂ ಇದು ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರ ಘಾಟು ಮೂಗಿಗೆ ಹತ್ತಿದ್ದೇ, ನಲ್ಲಿ ಸುರಿಯುತ್ತಿದ್ದರೂ ಸುಮ್ಮನೆ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ನರ್ಸಮ್ಮನ ಕೈಯ ವಾಸನೆ ಅದು...

ದೇವನಹಳ್ಳಿ ತಾಲ್ಲೂಕಿನಲ್ಲಿ, ಚನ್ನರಾಯಪಟ್ಟಣದಿಂದ ಎರಡು ಮೈಲಿ ಒಳಗೆ ನಮ್ಮೂರು. ನಾನು ಹುಟ್ಟುವ ಮೊದಲೇ ಸರ್ಕಾರ ಅವರನ್ನು ಅಲ್ಲಿಗೆ ಹೆರಿಗೆ ನರ್ಸಾಗಿ ಹಾಕಿತ್ತು. ಮದುವೆಯಾಗಿರಲಿಲ್ಲ. ಬಿಳಿ ಸೀರೆಯುಟ್ಟು ಸುತ್ತಲಿನ ಏಳೆಂಟು ಹಳ್ಳಿಗೆ ನಡೆದೇ ಹೋಗುತ್ತಿದ್ದರು. ನಾನು ಹುಟ್ಟಿದ್ದೂ ಅವರ ಕೈಯಲ್ಲೇ.

ಅವರು ರಿಟೈರ್ ಆದದ್ದು ಎಪ್ಪತ್ತರ ದಶಕದ ಮೊದಲಲ್ಲಿ, ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದ ವರ್ಷ. ಸ್ಕೂಲಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಹಾರ ಹಾಕಿ, ಒಂದು ಸೀರೆ ಕೊಟ್ಟರು. ಮಾತಾಡಿದವರೆಲ್ಲ ಊರಿಗೆ ತಾಯಿ ಇಲ್ಲದಂತಾಯಿತು ಎಂದರು. ನರ್ಸಮ್ಮ ಕೊನೆಯವರೆಗೂ ತಲೆ ಎತ್ತಲಿಲ್ಲ. ದುಃಖ ಅಂದುಕೊಂಡೆವು.

ಮೊದಲ ತಿಂಗಳುಗಳಲ್ಲಿ ಅವರ ಪಾಡು ನೋಡುವಂತಿರಲಿಲ್ಲ. ನಸುಕಿಗೇ ಎದ್ದು ಬಿಳಿ ಸೀರೆ ಉಟ್ಟು, ಚಪ್ಪಲಿಗೆ ಕಾಲು ತೂರಿಸುವಾಗ ನೆನಪಾಗಿ, ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬರುತ್ತಿದ್ದರು. ಮೊದಲ ಸಲ ಹೂವಿನ ಸೀರೆಯಲ್ಲಿ ಬಾವಿಗೆ ಬಂದಾಗ, ಯಾರೋ ಹೊಸಬರೆಂದು ಹೆಂಗಸರು ಸರಿದು ದಾರಿ ಬಿಟ್ಟರಂತೆ. ಸಂತೆಯಲ್ಲಿ ತರಕಾರಿ ಕೊಳ್ಳುವುದೂ ಅವರಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷವೂ ಯಾರಾದರೂ ತಂದು ಕೊಡುತ್ತಿದ್ದರು. ಮಧ್ಯಾಹ್ನ ಹೊತ್ತು ಹೋಗದೆ ನಮ್ಮ ಜಗಲಿಗೆ ಬಂದು ಅವ್ವನ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ಕಾಳು ಮೊರದಿಂದಾಚೆಗೇ ಬೀಳುತ್ತಿತ್ತು. "ಅಭ್ಯಾಸ ಇಲ್ಲ ನೋಡಿ" ಎನ್ನುತ್ತಿದ್ದರು.

ಬಾಗಿಲು ತಟ್ಟುವವರು ಮಾತ್ರ ನಿಲ್ಲಲಿಲ್ಲ. ಹೆರಿಗೆ ಎಂದರೆ ಜನಕ್ಕೆ ಅವರೇ ಬೇಕು. ಅವರು ಬಾಗಿಲಲ್ಲೇ ನಿಂತು, "ಹೊಸ ನರ್ಸು ಬಂದಿದಾಳೆ, ಅವಳನ್ನ ಕರ್ಕೊಂಡು ಹೋಗಿ" ಎಂದು ಕಳಿಸಿಬಿಡುತ್ತಿದ್ದರು. ಊರಿಗೆ ಇದು ಕೊಬ್ಬಾಗಿ ಕಂಡಿತು. ಸಂಬಳ ನಿಂತ ಮೇಲೆ ಕೈಯೂ ನಿಂತಿತು ಎಂದು ಆಡಿಕೊಂಡರು.

ಅವ್ವ ಒಬ್ಬಳೇ ಅದನ್ನು ನಂಬಲಿಲ್ಲ. ಅದಕ್ಕೆ ಕಾರಣವಿತ್ತು. ಅವರು ರಿಟೈರ್ ಆಗುವುದಕ್ಕೆ ಒಂದು ವರ್ಷ ಮೊದಲು ನಮ್ಮ ಅಕ್ಕನ ಮೊದಲ ಮಗು ಹುಟ್ಟುವಾಗಲೇ ಹೋಗಿತ್ತು. ಆಗ ಮೂರು ದಿನ ಅಕ್ಕನ ಹಾಸಿಗೆ ಬಿಟ್ಟು ಏಳದೆ, ಅವಳ ಜೊತೆ ಅತ್ತವರು ನರ್ಸಮ್ಮ. "ಬೇರೆಯೋರಿಗೆ ಬರದೆ ಇರಬೋದು, ನಮ್ಮನೆಗೆ ಬರ್ತಾರೆ" ಎನ್ನುತ್ತಿದ್ದಳು ಅವ್ವ.

ನನಗೆ ನೋವು ಬಂದದ್ದು ಬೆಳಗಿನ ಹತ್ತು ಗಂಟೆಯ ಹೊತ್ತಿಗೆ. ಅವ್ವ ಪಕ್ಕದ ಮನೆಗೆ ಓಡಿದಳು. ನರ್ಸಮ್ಮ ಬಂದರು, ಆದರೆ ಹೊಸಿಲ ಆಚೆ ನಿಂತರು.

"ನಾನು ಒಳಗೆ ಬರಲ್ಲ. ಆ ಹುಡುಗೀನ ಕರೆಸಿ."

"ಇದೇನು ನರ್ಸಮ್ಮ ಹಿಂಗಂತೀರಾ? ಇವಳು ಹುಟ್ಟಿದ್ದೇ ನಿಮ್ಮ ಕೈಯಲ್ಲಲ್ವಾ?"

"ನಾನು ಮುಟ್ಟಲ್ಲ ಕಣಮ್ಮ."

ಒಳಗೆ ಚಾಪೆಯ ಮೇಲಿದ್ದ ನನಗೆ ಆ ಮಾತು ಕೇಳಿಸಿತು. ನೋವನ್ನೂ ಮರೆತು ಬಾಗಿಲ ಕಡೆ ನೋಡಿದೆ. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು, ಗೋಡೆ ನೋಡುತ್ತಾ ನಿಂತಿದ್ದರು.

ಹೊಸ ನರ್ಸು ಬಂದಳು. ನನಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವಳು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಅವಳ ಮುಖ ಬಿಳುಚಿತು. ಹೊಸಿಲಾಚೆಯಿಂದ ನರ್ಸಮ್ಮ, "ತಲೆ ಸಿಕ್ತಾ?" ಎಂದು ಕೇಳಿದರು. "ಇಲ್ಲಮ್ಮ... ಕಾಲು" ಎಂದಳು ಹುಡುಗಿ. ನರ್ಸಮ್ಮ ಮತ್ತೇನೂ ಹೇಳದೆ ಅಂಗಳ ಇಳಿದು ಹೋಗಿಬಿಟ್ಟರು.

ಅವ್ವ ಅವರಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ. ನಾನೂ ಮನಸ್ಸಿನಲ್ಲಿ ಅಷ್ಟೇ ಬೈದೆ.

ಎಷ್ಟು ಹೊತ್ತಾಯಿತೋ... ಬೀದಿಯಲ್ಲಿ ಲಾರಿಯ ಸದ್ದಾಯಿತು. ಆ ವಯಸ್ಸಿನಲ್ಲಿ ಎರಡು ಮೈಲಿ ಬಿಸಿಲಲ್ಲಿ ಹೆಚ್ಚುಕಮ್ಮಿ ಓಡಿಕೊಂಡೇ ಹೋಗಿ, ಟಾರು ರಸ್ತೆಗೆ ಅಡ್ಡ ನಿಂತು, ಆಲೂಗಡ್ಡೆ ತುಂಬಿದ ಲಾರಿಯೊಂದನ್ನು ನಮ್ಮೂರಿಗೆ ತಿರುಗಿಸಿಕೊಂಡು ಬಂದಿದ್ದರು ನರ್ಸಮ್ಮ. ಮೂಟೆಗಳ ಮೇಲೆ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ಅವರು ಡ್ರೈವರ್ ಪಕ್ಕ ಕೂತರು. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರಂತೆ. ನನಗೆ ಮಗಳು ಹುಟ್ಟಿದಳು.

ಮೂರು ತಿಂಗಳು ತುಂಬಿದ ಮೇಲೆ ಮಗಳನ್ನು ಎತ್ತಿಕೊಂಡು ಅವರ ಮನೆಗೆ ಹೋದೆ. ತೊಡೆಯ ಮೇಲೆ ಮಲಗಿಸಲು ಹೋದರೆ ಅವರು ಹಿಂದಕ್ಕೆ ಸರಿದರು.

"ಬೇಡ ಮಗಾ. ಕೈ ನಡುಗ್ತದೆ. ಮೂರು ವರ್ಷ ಆಯ್ತು."

"ಅದಕ್ಕೇನಂತೆ, ನಾನು ಹಿಡ್ಕೋತೀನಿ" ಎಂದೆ.

ಅವರು ನನ್ನ ಮಗಳನ್ನೇ ನೋಡುತ್ತಾ ಕೂತರು. ಆಮೇಲೆ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು: "ನಿಮ್ಮಕ್ಕನ ಮಗು ಸತ್ತು ಹುಟ್ಟಲಿಲ್ಲ. ಹುಟ್ಟಿ ಒಂದು ಸಲ ಅತ್ತಿತ್ತು. ನನ್ನ ಕೈ ಜಾರ್ತು... ಕೆಳಗೆ ಕಲ್ಲು ಚಪ್ಪಡಿ. ನಿಮ್ಮಕ್ಕಂಗೆ ಪ್ರಜ್ಞೆ ಇರ್ಲಿಲ್ಲ. ನಿಮ್ಮವ್ವ ಹಿತ್ತಲಲ್ಲಿ ನೀರು ಕಾಯಿಸ್ತಿದ್ರು. ನಾನು ಸುಳ್ಳು ಹೇಳ್ದೆ."

ಅವರು ಹೇಳುತ್ತಲೇ ಹೋದರು.

"ಇನ್ನೂ ಒಂದು ವರ್ಷ ಸರ್ವೀಸ್ ಇತ್ತು. ಬಿಟ್ರೆ ಯಾಕೆ ಅಂತ ಕೇಳ್ತಾರೆ. ಆಮೇಲೆ ಯಾರ ಮನೆಗೆ ಹೋದ್ರೂ ಮಗೂನ ಮನೇಲಿದ್ದ ಮುದುಕೀರ ಕೈಗೇ ಹಿಡಿಸ್ತಿದ್ದೆ. ರಿಟೈರ್ ಆದ್ರೆ ಸಾಕು, ಯಾರೂ ಕರೆಯಲ್ಲ ಅಂತ ದಿನ ಎಣಿಸ್ತಿದ್ದೆ. ಈಗ ನೋಡು, ದಿನಾ ಬಂದು ತಟ್ಟುತಾರೆ."

ಮಗಳನ್ನು ಎದೆಗೆ ಒತ್ತಿಕೊಂಡು ಎದ್ದು ಬಂದೆ. ಆ ವಾರವೇ ಗಂಡನ ಮನೆಗೆ ಹೊರಟೆ. ಹೋಗಿ ಬರ್ತೀನಿ ಎಂದು ಅವರಿಗೆ ಹೇಳಲೂ ಇಲ್ಲ. ಮುಂದಿನ ಸಲ ಬಂದಾಗ ಅವರ ಮನೆಗೆ ಬೀಗವಿತ್ತು. ನೆಲಮಂಗಲದ ಕಡೆ ತಮ್ಮನ ಮನೆಗೆ ಹೋದರಂತೆ. ಎರಡು ವರ್ಷಕ್ಕೆ ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಅಕ್ಕ ಆ ಕಾಗದ ಹಿಡಿದು ಹೆತ್ತ ತಾಯಿ ಸತ್ತ ಹಾಗೆ ಅತ್ತಳು. ನಾನು ಪಕ್ಕದಲ್ಲೇ ಕೂತಿದ್ದೆ.

ಅಕ್ಕನಿಗೆ ಆಮೇಲೆ ಇಬ್ಬರು ಗಂಡುಮಕ್ಕಳಾದರು. ಹೋದ ವರ್ಷ ಅವಳೂ ಹೋದಳು. ಇನ್ನು ಈ ಸಂಗತಿ ಗೊತ್ತಿರುವವಳು ನಾನೊಬ್ಬಳೇ. ಅವಳಿಗೆ ಹೇಳಬೇಕಿತ್ತೋ ಏನೋ, ಇವತ್ತಿಗೂ ನನಗೆ ತಿಳಿಯದು. ಆದರೆ ನನ್ನ ಮಗಳಿಗೆ ಈಗ ಐವತ್ತು ದಾಟಿದೆ. ಅವಳನ್ನು ಉಳಿಸಿಕೊಟ್ಟವರಿಗೆ ನಾನು ಒಂದು ಒಳ್ಳೆಯ ಮಾತೂ ಹೇಳದೆ ಎದ್ದು ಬಂದೆ... ಅದು ತಪ್ಪು. ಇಷ್ಟು ಮಾತ್ರ ತಿಳಿದಿದೆ.