ಮಲಗಿ ನೋಡುತ್ತಿದ್ದ ಮರುದೇವಮ್ಮ

ಬಸ್ತಿಹಳ್ಳಿಯ ಮರುದೇವಮ್ಮನವರು ಹಾಸಿಗೆ ಹಿಡಿದವರನ್ನು ನೋಡಲು ಹೋದರೆ ಕೂರುತ್ತಿರಲಿಲ್ಲ, ಮಲಗುತ್ತಿದ್ದರು. ಆಳೆತ್ತರದ, ತುಂಬು ಮೈಯ ಹೆಂಗಸು. ಮಡಿಕೆ ಕೆಡದ ಬಿಳಿ ಸೀರೆ, ಕೈಯಲ್ಲಿ ಸೋಸಿ ಕಾಯಿಸಿದ ನೀರಿನ ಹಿತ್ತಾಳೆ ಚೊಂಬು. ಒಳಗೆ ಬಂದವರೇ ಚೊಂಬನ್ನು ಕಿಟಕಿಯಲ್ಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇನ್ನೇನು ಹೊರಟುಹೋಗಲಿರುವ ಜೀವದ ಪಕ್ಕದಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿ ಸೂರು ನೋಡುತ್ತಿದ್ದರು. ಮಂಚವಾದರೆ ಇನ್ನೂ ಚೆನ್ನ, ಮಲಗಿದವರನ್ನು ಎತ್ತಿಸಿ ಕುರ್ಚಿಯಲ್ಲಿ ಕೂರಿಸಿ ತಾವೇ ಅಲ್ಲಿ ಒರಗುತ್ತಿದ್ದರು. ಮನೆಯವರು "ಅಯ್ಯೋ, ಅಪಶಕುನ, ಏಳಿ ಅಮ್ಮಾವ್ರೇ" ಎಂದು ಬಾಯಿ ಬಡಿದುಕೊಂಡರೆ, "ಸುಮ್ನಿರ್ರೀ, ನಾಳೆ ನಾನೂ ಮಲಗೋದೇ. ಇವತ್ತು ಅಭ್ಯಾಸ" ಎನ್ನುತ್ತಿದ್ದರು.

ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿರಲಿಲ್ಲ. ಬಸದಿಯ ಹಿಂದೆ ತೋಟ, ಕೆರೆಯ ಕೆಳಗೆ ಗದ್ದೆ, ಎಲ್ಲವನ್ನೂ ನೋಡಿಕೊಳ್ಳಲು ಮಗ. ಸುಮ್ಮನೆ ಜಪಸರ ತಿರುಗಿಸಿಕೊಂಡು ಮನೆಯಲ್ಲಿ ಕೂರಬಹುದಿತ್ತು. ಆದರೆ ಹಳೇಬೀಡಿನಲ್ಲಾಗಲಿ, ಅರಸೀಕೆರೆಯ ತಮ್ಮ ನೆಂಟರ ಬೀದಿಯಲ್ಲಾಗಲಿ, ಡಾಕ್ಟರು ಕೈಬಿಟ್ಟ ಜೀವವೊಂದು ಮನೆಯಲ್ಲಿ ಮಲಗಿದೆ ಎಂದು ಕಿವಿಗೆ ಬಿದ್ದರೆ ಸಾಕು, ಹೊರಟುಬಿಡುತ್ತಿದ್ದರು. ಹಿಮ್ಮಡಿ ಮುಟ್ಟಿ ನೋಡುವುದು, ಹೊದಿಕೆ ಎತ್ತಿ ಮೂಸುವುದು, ನಾಲಿಗೆ ಚಾಚಿಸುವುದು, ಆಮೇಲೆ ಮಲಗುವುದು. ಎದ್ದ ಮೇಲೆ ತೀರ್ಪು. ನೋಡಿಕೊಳ್ಳುವುದು ಸರಿಯಿಲ್ಲದಿದ್ದರೆ ಬೈಗುಳ ಬೀದಿಯ ತುದಿಗೂ ಕೇಳಿಸುತ್ತಿತ್ತು. ಸರಿಯಿದ್ದರೆ ಒಂದೇ ಮಾತು: "ಇಂಥಾ ಕಡೆ ನಾನೂ ಸಾಯಬಹುದು." ಆ ಮಾತು ದಕ್ಕಿದ ಮನೆಯವರು ಅದನ್ನು ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಮಗ ಎಸ್ಸೆಸ್ಸೆಲ್ಸಿಯಲ್ಲಿ ರ್‍ಯಾಂಕ್ ಬಂದಿದ್ದರೂ ಅಷ್ಟು ಬೀಗುತ್ತಿರಲಿಲ್ಲವೇನೋ.

ಮಲಗಿ ನೋಡುವ ಈ ಹುಚ್ಚು ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿಯೇಬಿಟ್ಟೆ. ಆಗ ನಾನು ಬೇಲೂರಿಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿಯುತ್ತಿದ್ದೆ, ನಾಲಿಗೆ ಸ್ವಲ್ಪ ಉದ್ದ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮೆಜಮಾನ್ರು ಮಾತು ನಿಂತು ಮಲಗಿದ್ರು ಕಣೇ. ಮಧ್ಯಾಹ್ನ ಆದ್ರೆ ಸಾಕು, ಕೈ ಎತ್ತಿ ಎತ್ತಿ ಗೋಡೆ ತೋರಿಸೋರು. ನೀರು ಅಂತ ನೀರು ಕೊಟ್ಟೆ, ಬಸದಿ ಅಂತ ಅಭಿಷೇಕದ ಗಂಧೋದಕ ತಂದೆ. ಹೋದ್ಮೇಲೆ ಒಂದಿನ ಅದೇ ಜಾಗದಲ್ಲಿ ಬಿದ್ಕೊಂಡು ಅಳ್ತಿದ್ದೆ. ಗೋಡೇಲಿದ್ದ ಕನ್ನಡಿಗೆ ಬಿಸಿಲು ಬಿದ್ದು ಸೀದಾ ಕಣ್ಣಿಗೆ ಹೊಡೀತು. ಕನ್ನಡಿ ತೆಗಿ ಅಂತಿದ್ರು ಪಾಪ. ನಿಂತ್ಕೊಂಡು ನೋಡಿದೋಳಿಗೆ ಎಲ್ಲಿಂದ ಗೊತ್ತಾಗಬೇಕು?" ಎಂದರು. ಆಮೇಲೆ ಚೊಂಬು ಎತ್ತಿ ನೀರು ಕುಡಿದರು.

ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ತಮ್ಮ ತಂದೆಯನ್ನು ಮಹಡಿಯ ಕೋಣೆಯಲ್ಲಿ ಬೀಟೆ ಮಂಚದ ಮೇಲೆ ಮಲಗಿಸಿ, ಫ್ಯಾನು ಹಾಕಿಸಿ, ದ್ರಾಕ್ಷಿ ಕಿತ್ತಳೆ ಜೋಡಿಸಿ, ಮರುದೇವಮ್ಮನವರನ್ನು ತಾವಾಗಿಯೇ ಕರೆಸಿದ್ದರು. ಹೊಗಳಿಸಿಕೊಳ್ಳುವ ಆಸೆ. ಇವರು ಮಂಚದ ಮೇಲೆ ಒರಗಿ ಸ್ವಲ್ಪ ಹೊತ್ತು ಮೇಲೆ ನೋಡಿದರು. "ಇಲ್ಲಿಂದ ಏನು ಕಾಣುತ್ತೆ ಗೊತ್ತೇನಪ್ಪಾ? ಫ್ಯಾನು. ಬರೀ ಫ್ಯಾನು. ಜೀವಮಾನವೆಲ್ಲಾ ಆಳುಗಳನ್ನ ಬಯ್ಕೊಂಡು ಬದುಕಿದ ಮನುಷ್ಯ ಫ್ಯಾನಿಗೆ ಏನಂತ ಬಯ್ಯಬೇಕು?" ಎಂದು ಎದ್ದು ಕೂತರು. ಆ ಸಂಜೆಯೇ ಮುದುಕರ ಹಾಸಿಗೆ ಕೆಳಗೆ ಮಂಡಿಯ ಜಗುಲಿಗೆ ಇಳಿಯಿತು. ಕೊಬ್ಬರಿ ಆರಿಸುವವರನ್ನು ಬಾಯಿ ತುಂಬ ಬೈಯುತ್ತಾ ಅವರು ಆ ಬೇಸಿಗೆಯನ್ನು ಸುಖವಾಗಿ ಕಳೆದರು.

ಇಂಥ ಮರುದೇವಮ್ಮನವರು ಹಳೇಬೀಡಿನ ನಮ್ಮ ಮನೆಗೆ ಬಂದದ್ದು ನಮ್ಮವ್ವ ಸಾಕಮ್ಮನ ಮಾನ ತೂಗುಯ್ಯಾಲೆಯಲ್ಲಿದ್ದಾಗ.

ನಮ್ಮಜ್ಜಿ, ಅಪ್ಪನ ತಾಯಿ ನಂಜಮ್ಮ, ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಈ ವಯಸ್ಸಿಗೆ ಮೂಳೆ ಕೂಡುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಹಾಸನದ ಡಾಕ್ಟರು ಹೇಳಿ ಕಳಿಸಿದ್ದರು. ಅವ್ವ ಅವಳನ್ನು ಒಳಕೋಣೆಯಿಂದ ತಂದು ನಡುಮನೆಯಲ್ಲಿ, ಕೊಟ್ಟಿಗೆಯ ಮೋಟುಗೋಡೆಯ ಪಕ್ಕ ಮಲಗಿಸಿದಳು. ತಿಂಗಳುಗಳು ಕಳೆದ ಮೇಲೆ ಅಜ್ಜಿ ಮೊದಲು ಮುದ್ದೆ ಬಿಟ್ಟಳು, ಆಮೇಲೆ ಗಂಜಿಯನ್ನೂ ಒಲ್ಲೆ ಎಂದಳು. ಅವ್ವ ಬಲವಂತ ಮಾಡಲಿಲ್ಲ. ಬಟ್ಟೆ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು, ಅಷ್ಟೆ.

ಅಷ್ಟರಲ್ಲಿ ಜಾವಗಲ್ಲಿಂದ ನಮ್ಮತ್ತೆ ಬಂದಳು, ಅಪ್ಪನ ಅಕ್ಕ. ಬಾಡಿಗೆ ಕಾರಿನಲ್ಲೇ ಬಂದಿದ್ದಳು. ಬಾಗಿಲಲ್ಲೇ ಎದೆ ಬಡಿದುಕೊಂಡಳು. "ನನ್ ಹೆತ್ತವ್ವನ್ನ ದನದ ಪಕ್ಕ ಎಸೆದವ್ಳೆ! ಅನ್ನ ನೀರು ಬುಟ್ಟು ಕೊಲ್ತಾವ್ಳೆ! ಏನ್ಲಾ, ನೀನು ಗಂಡಸೇನ್ಲಾ?" ಎಂದು ತಮ್ಮನ ಮೇಲೂ ಹರಿಹಾಯ್ದಳು. ಅಪ್ಪ ಟವಲು ಕೊಡವಿಕೊಂಡು ಹಿತ್ತಲಿಗೆ ಹೋದರು. ಅವರಿಗೆ ಅಲ್ಲಿ ಯಾವಾಗಲೂ ಏನಾದರೂ ಕೆಲಸವಿರುತ್ತಿತ್ತು. ನೆಂಟರು, ಅಕ್ಕಪಕ್ಕದವರು ಅಂಗಳದಲ್ಲಿ ಸೇರಿ ಗುಸುಗುಸು ಶುರುಮಾಡಿದರು. ಅತ್ತೆ ಅವ್ವನ ಕಡೆ ಬೆರಳು ತೋರಿಸಿ, "ಬಸ್ತಿಹಳ್ಳಿ ಅಮ್ಮಾವ್ರು ಬರ್ಲಿ. ಅವ್ರೇ ನೋಡಿ ಉಗೀಲಿ ನಿನ್ನ ಮಕಕ್ಕೆ. ಆಮೇಲೆ ನಮ್ಮವ್ವನ್ನ ಕಾರಲ್ಲಿ ಹಾಕ್ಕೊಂಡ್ ಹೋಯ್ತೀನಿ" ಎಂದು ಆಳು ಕಳಿಸಿದಳು. ಅಲುಗಾಡಿಸಿದರೆ ಕಿರುಚುವ ಅಜ್ಜಿ ಆ ಕಾರಿನಲ್ಲಿ ಜಾವಗಲ್ಲಿನವರೆಗೆ ಉಳಿಯುವುದು ಸುಳ್ಳು ಎಂದು ನಮಗೆಲ್ಲ ಗೊತ್ತಿತ್ತು. ಅವ್ವ ಒಲೆ ಮುಂದೆ ಕೂತು ಸೌದೆ ತುರುಕುತ್ತಿದ್ದಳು. ನನಗೆ ಅತ್ತೆಯನ್ನು ಹಿಡಿದು ಬಡಿಯುವಷ್ಟು ಸಿಟ್ಟು.

ಇಳಿಹೊತ್ತಿಗೆ ಮರುದೇವಮ್ಮನವರು ಬಂದರು. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು, ಹಾಗಾಗಿ ಅವಸರ. ಯಾರನ್ನೂ ಮಾತಾಡಿಸದೆ ಅಜ್ಜಿಯನ್ನು ನಿಧಾನ ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದರು. ಹುಣ್ಣಿರಲಿಲ್ಲ. ಹೊದಿಕೆ ಮೂಸಿದರು. ಬೇವಿನ ಹೊಗೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಚೊಂಬು ಕಿಟಕಿಗಿಟ್ಟು ಅಜ್ಜಿಯ ಪಕ್ಕ ಮಲಗಿದರು. ಬಹಳ ಹೊತ್ತು ಏಳಲಿಲ್ಲ. ನಿದ್ದೆ ಹೋದರೇನೋ ಎಂದು ನಾನು ಬಗ್ಗಿ ನೋಡಿದೆ.

"ಲಾಟೀನು ಕಣ್ಣಿಗೆ ಹೊಡೆಯೋ ಜಾಗದಲ್ಲಿದೆ, ಕಂಬದ ಆಚೆಗೆ ನೇತುಹಾಕು" ಎಂದರು ಮಲಗಿದಲ್ಲಿಂದಲೇ. ಅವ್ವನ ಮುಖ ಬಿಳಿಚಿತು. ಅತ್ತೆಯ ಮುಖ ಅರಳಿತು.

"ಹೇಳಿ ಅಮ್ಮಾವ್ರೇ, ತಿನ್ನೋಕೇ ಕೊಡ್ತಿಲ್ಲ ಇವ್ಳು."

"ಹೌದೇನು? ಹಾಗಾದ್ರೆ ನೀನೇ ಕೊಡವ್ವ. ಈಗ್ಲೇ."

ಅತ್ತೆ ಸರ್ರನೆ ಗಂಜಿ ತಂದು ಚಮಚ ಹಿಡಿದಳು. ಅಜ್ಜಿ ತುಟಿ ಬಿಗಿದಳು. "ನಾನು ಕಣವ್ವ, ನಿನ್ ಮಗಳು" ಎಂದು ಅತ್ತೆ ಗೋಗರೆದಳು. ಅಜ್ಜಿ ಮುಖವನ್ನು ಗೋಡೆ ಕಡೆಗೆ ತಿರುಗಿಸಿದಳು. ಮರುದೇವಮ್ಮನವರು ಅವ್ವನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವ್ವ ಬಟ್ಟೆ ಅದ್ದಿ ತಂದಳು. ಅಜ್ಜಿ ತಾನಾಗಿ ಬಾಯಿ ತೆರೆದಳು.

"ನೋಡ್ದಾ? ಕೊಡದೆ ಇರೋದು ಬೇರೆ, ಬೇಡ ಅಂದಿದ್ದನ್ನ ಕೇಳಿಸ್ಕೊಳ್ಳೋದು ಬೇರೆ."

ಅತ್ತೆ ಸೋಲಲಿಲ್ಲ. "ಅನ್ನ ಬುಡೋದು ನಿಮ್ ಜೈನರ ಯವಾರ ಅಮ್ಮಾವ್ರೇ, ನಮ್ದಲ್ಲ!"

ಮರುದೇವಮ್ಮನವರಿಗೆ ಸಿಟ್ಟು ಬರಲಿಲ್ಲ. "ಸಲ್ಲೇಖನ ವ್ರತ ಹಿಡಿಯೋರು ಗುರುಗಳನ್ನ ಕೇಳಿ, ಗಟ್ಟಿ ಮನಸ್ಸು ಮಾಡಿ ಹಿಡೀತಾರೆ ಕಣೇ. ನಿಮ್ಮವ್ವ ಯಾವ ವ್ರತಾನೂ ಹಿಡಿದಿಲ್ಲ. ಅವಳಿಗೆ ಸಾಕಾಗಿದೆ, ಅಷ್ಟೆ. ಉಂಡು ಸಾಕಾಗಿದೆ. ಬಾ, ನೀನೂ ಮಲಗು ಇಲ್ಲಿ."

ಅಷ್ಟು ಜನರ ಮುಂದೆ ಅತ್ತೆಯ ಕೈ ಹಿಡಿದು ಎಳೆದು ಅಜ್ಜಿಯ ಮಗ್ಗುಲಲ್ಲಿ ಮಲಗಿಸಿಯೇಬಿಟ್ಟರು. "ಏನು ಕಾಣುತ್ತೆ ಹೇಳು."

ಅತ್ತೆ ಮೊದಲು ಬಿಗುಮಾನದಿಂದ ಕಣ್ಣು ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಕೆಂದಿ ಕಾಣ್ತಾಳೆ" ಎಂದಳು. ಕೆಂದಿ ಎಂದರೆ ಅಜ್ಜಿ ಕರುವಿನಿಂದ ಸಾಕಿದ ಹಸು. ಮೋಟುಗೋಡೆಯ ಮೇಲೆ ಅದರ ಮುಖ ಇತ್ತು. "ಹಿತ್ಲು ಬಾಗ್ಲು ಕಾಣ್ತೈತೆ. ನುಗ್ಗೆ ಮರ ಕಾಣ್ತೈತೆ. ಒಲೆ ಕಾಣ್ತೈತೆ..." ಅಲ್ಲಿಗೆ ಅವಳ ದನಿ ಒಡೆಯಿತು. ಒಲೆಯ ಮುಂದೆ ಕೂರುವ ಅವ್ವನ ಮುಖವೂ ಅಲ್ಲಿಂದ ಕಾಣುತ್ತಿತ್ತು. ಅಜ್ಜಿಯ ಕೈ ತೆವಳಿಕೊಂಡು ಬಂದು ಮಗಳ ತಲೆಗೂದಲಲ್ಲಿ ನಿಂತಿತು. ಅತ್ತೆ ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದಳು.

ಮರುದೇವಮ್ಮನವರು ಅಂಗಳಕ್ಕೆ ಬಂದು ನಿಂತರು. ಗುಸುಗುಸು ನಿಂತಿತು. "ಎಲ್ಲರೂ ಕೇಳಿಸ್ಕೊಳ್ರಪ್ಪಾ. ಸಾಕಮ್ಮನ ಮನೇಲಿ ನಾನೂ ಸಾಯಬಹುದು. ನನ್ನ ಸೊಸೆ ಇಷ್ಟು ನೋಡಿಕೊಂಡ್ರೆ ನನ್ನ ಪುಣ್ಯ" ಎಂದರು. ಸೂರ್ಯನನ್ನು ನೋಡಿ, "ಅಯ್ಯಯ್ಯೋ, ಊಟ ತಪ್ತು ಇವತ್ತು!" ಎನ್ನುತ್ತಾ ಬಿರುಸಾಗಿ ಹೊರಟರು. ಅವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಆದರೆ ತಲೆ ಎತ್ತಿ ಅಳುತ್ತಿದ್ದಳು. ಆ ಹೊತ್ತಿನ ಸಂತೋಷವನ್ನು ನಾನು ಜನ್ಮದಲ್ಲಿ ಮರೆಯಲಾರೆ. ಕಾರು ಖಾಲಿಯಾಗಿ ವಾಪಸು ಹೋಯಿತು. ಅತ್ತೆ ಉಳಿದಳು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ, ಅವ್ವ ಹಾಲು ಕರೆಯುವುದನ್ನು ನೋಡುತ್ತಾ ನೋಡುತ್ತಾ ಅಜ್ಜಿ ಹೋದಳು.

ಮರುದೇವಮ್ಮನವರು ಮಾತ್ರ ಯಾರ ಕೈಗೂ ಸಿಗಲಿಲ್ಲ. ನಾಲ್ಕೈದು ವರ್ಷದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ಕಂಬಕ್ಕೊರಗಿದವರು ಮತ್ತೆ ಏಳಲಿಲ್ಲವಂತೆ. ಅವ್ವ ಅತ್ತದ್ದಕ್ಕಿಂತ ಮುನಿಸಿಕೊಂಡದ್ದೇ ಹೆಚ್ಚು. "ನಂಗೆ ಒಂದಿನನಾದ್ರೂ ಸೇವೆ ಮಾಡೋಕೆ ಬುಡ್ಲಿಲ್ವಲ್ಲ ಆವಮ್ಮ" ಎಂದು ಹಲುಬಿದಳು.

ಸುದ್ದಿ ಮುಟ್ಟಿದ ಮಾರನೆಯ ದಿನ ಮೊದಲ ಬಸ್ಸಿಗೇ ಜಾವಗಲ್ ಅತ್ತೆ ಬಂದಳು. ಅವಳ ಗಂಡ, ನಮ್ಮ ಮಾವ, ಲಕ್ವ ಹೊಡೆದು ಮಲಗಿ ಆಗಲೇ ಮಳೆಗಾಲವೊಂದು ಕಳೆದಿತ್ತು. ಅತ್ತೆ ಕೂರಲೂ ಇಲ್ಲ. ಬಾಗಿಲ ಬಳಿ ಸೆರಗಿನ ತುದಿ ಹಿಂಡುತ್ತಾ ನಿಂತು, "ಸಾಕಮ್ಮ, ಅಮ್ಮಾವ್ರಂತೂ ಹೋದ್ರು. ನಾನ್ ಸರಿಯಾಗಿ ನೋಡ್ಕೊಳ್ತಿದೀನೋ ಇಲ್ವೋ ನಂಗೇ ತಿಳೀತಿಲ್ಲ. ನೀನ್ ಬಂದ್ ನೋಡು. ತಪ್ಪಿದ್ರೆ ಮಕದ್ ಮೇಲೇ ಹೇಳು" ಎಂದಳು.

ಅವ್ವ ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. ಬಸ್ಸಿನಲ್ಲಿ ನೂಕುನುಗ್ಗಲು. ಅತ್ತೆ ಮೊಣಕೈಯಲ್ಲಿ ಜನರನ್ನು ತಳ್ಳಿ ಜಾಗ ಹಿಡಿದು, ಕಿಟಕಿಯ ಪಕ್ಕ ಅವ್ವನನ್ನು ಕೂರಿಸಿದಳು. ತಾನು ಜಾವಗಲ್ಲಿನವರೆಗೂ ಕಂಬಿ ಹಿಡಿದು ನಿಂತೇ ಹೋದಳು.