ನುಗ್ಗೇಹಳ್ಳಿಗೆ ಹೋಗದ ಹಸು

ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಒಳಗೆ ಅಂಟಿಕೊಂಡಿದ್ದ ಪುಟ್ಟ ಚಮಚ. ಹೋದ ತಿಂಗಳು ಚನ್ನರಾಯಪಟ್ಟಣದ ಲ್ಯಾಬೊಂದರಲ್ಲಿ ಒಬ್ಬ ಹುಡುಗಿ ಅದನ್ನು ನನ್ನ ಕೈಗಿಟ್ಟಳು. ನನ್ನ ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಹೊಟ್ಟೆಯಲ್ಲಿ ಹುಳು ಇದೆಯೇನೋ ನೋಡಿಸಿ ಎಂದು ಡಾಕ್ಟರು ಬರೆದಿದ್ದರು. ಹುಡುಗಿ ನನ್ನ ಹೆಸರು, ವಯಸ್ಸು ಕೇಳಿ ಚೀಟಿ ಬರೆದು ಡಬ್ಬಿಗೆ ಅಂಟಿಸಿದಳು. "ನಾಳೆ ಬೆಳಿಗ್ಗೇದು ಇದ್ರಲ್ಲಿ ತನ್ನಿ ತಾತ. ಬೇರೆಯವ್ರದ್ದು ತಂದ್ಬುಟ್ಟೀರಾ ಮತ್ತೆ!" ಎಂದು ನಕ್ಕಳು. ಬೆಂಚಿನ ಮೇಲೆ ಕೂತಿದ್ದವರೂ ನಕ್ಕರು. ನನಗೆ ನಗಲಾಗಲಿಲ್ಲ. ಒಳಗಿನಿಂದ ಫಾರ್ಮಲಿನ್ ವಾಸನೆ ಬರುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ನನ್ನ ಅಂಗಿಯಿಂದಲೂ ಅದೇ ವಾಸನೆ ಬರುತ್ತಿತ್ತು…

ಆಗ ನಾನು ಹಾಸನದಲ್ಲಿ ದನಕರುಗಳ ರೋಗ ಪತ್ತೆ ಮಾಡುವ ಸಣ್ಣ ಲ್ಯಾಬೊಂದರಲ್ಲಿ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅದೇ ದೊಡ್ಡ ನೌಕರಿ. ನಾನು ಸೇರಿದ ಮಾರನೇ ವರ್ಷ ಅಲ್ಲಿಗೆ ಡಾಕ್ಟ್ರಮ್ಮ ಬಂದರು. ತೆಳ್ಳಗಿದ್ದರು, ದಪ್ಪ ಕನ್ನಡಕ, ಮಾತು ಕಡಿಮೆ. ಆದರೆ ಸಗಣಿಯ ವಿಷಯ ಬಂದರೆ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಹಳ್ಳಿಗಳಲ್ಲಿ ಅವರನ್ನು 'ಸಗಣಿ ಡಾಕ್ಟ್ರಮ್ಮ' ಎಂದೇ ಕರೆಯುತ್ತಿದ್ದರು. ಅದು ಅವರ ಕಿವಿಗೆ ಬಿದ್ದಾಗಲೆಲ್ಲ ಖುಷಿಯಿಂದ ತಲೆಯಾಡಿಸುತ್ತಿದ್ದರು.

"ಹಸುಗೆ ಕಾಯಿಲೆ ಬಂದ್ರೆ ಎಲ್ಲರೂ ಔಷಧಿ ಕೇಳ್ತಾರೆ. ಅದೇ ಕಾಯಿಲೆ ಅರಕಲಗೂಡಲ್ಲಿ ಯಾಕೆ ಜಾಸ್ತಿ, ಚನ್ನರಾಯಪಟ್ಟಣದಲ್ಲಿ ಯಾಕೆ ಕಡಿಮೆ ಅಂತ ಯಾರೂ ಕೇಳಲ್ಲ" ಎನ್ನುತ್ತಿದ್ದರು. ಅದನ್ನು ತಿಳಿಯಲೆಂದೇ ಗೋಡೆಗೆ ಜಿಲ್ಲೆಯ ನಕ್ಷೆ ಅಂಟಿಸಿದ್ದರು. ಯಾವ ಊರಿನ ಸಗಣಿಯಲ್ಲಿ ಯಾವ ಹುಳುವಿನ ಮೊಟ್ಟೆ ಸಿಕ್ಕರೂ ಆ ಊರಿನ ಮೇಲೆ ಒಂದು ಬೊಟ್ಟು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಬೊಟ್ಟನ್ನೇ ಅಂಗಡಿಯಿಂದ ತಂದಿದ್ದರು. ಲಿವರ್ ಹುಳುವಿಗೆ ಕೆಂಪು, ದುಂಡು ಹುಳುವಿಗೆ ಹಸಿರು. ಹೊಳೆನರಸೀಪುರ, ಅರಕಲಗೂಡು ಕಡೆ ನಾಲೆ ಬಯಲಿನ ಉದ್ದಕ್ಕೂ ಕೆಂಪು ಬೊಟ್ಟು ತುಂಬಿಹೋಗಿತ್ತು.

ಸಗಣಿಯನ್ನು ನೀರಲ್ಲಿ ಕಲಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಲೋಟದಲ್ಲಿ ತಿಳಿಯಾಗಲು ಬಿಡಬೇಕು. ಮೇಲಿನ ನೀರು ಚೆಲ್ಲಿ ಮತ್ತೆ ಹೊಸ ನೀರು, ಮತ್ತೆ ಚೆಲ್ಲುವುದು. ಕೊನೆಗೆ ತಳದಲ್ಲಿ ಉಳಿದದ್ದರಿಂದ ಒಂದು ತೊಟ್ಟು ಗಾಜಿನ ಮೇಲೆ ಇಟ್ಟು ನೀಲಿ ಬಣ್ಣ ಸೇರಿಸಿದರೆ ಕಸವೆಲ್ಲ ನೀಲಿಯಾಗುತ್ತದೆ, ಲಿವರ್ ಹುಳುವಿನ ಮೊಟ್ಟೆ ಮಾತ್ರ ಹೊನ್ನಿನ ಬಣ್ಣದಲ್ಲೇ ಉಳಿಯುತ್ತದೆ. ಮೊದಲ ಸಲ ಡಾಕ್ಟ್ರಮ್ಮ ನನ್ನನ್ನು ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದಾಗ ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ನೀಲಿ ಆಕಾಶದಲ್ಲಿ ತೇಲುವ ಚಿನ್ನದ ಕಾಳಿನಂತೆ ಇತ್ತು. ಆ ಮೊಟ್ಟೆ ನೀರಿಗೆ ಬಿದ್ದು ಒಡೆಯುತ್ತದೆ, ಅದರ ಮರಿ ಈಜಿಕೊಂಡು ಹೋಗಿ ಬಸವನಹುಳದ ಮೈ ಹೊಗುತ್ತದೆ, ಅಲ್ಲಿ ಬೆಳೆದು ಹೊರಬಂದು ಹುಲ್ಲಿಗೆ ಅಂಟಿಕೊಂಡು ಹಸುವಿನ ಬಾಯಿಗಾಗಿ ಕಾಯುತ್ತದೆ ಎಂದು ಅವರು ಹೇಳಿದರು. "ಕಣ್ಣಿಲ್ಲ, ಕಿವಿಯಿಲ್ಲ, ದಾರಿ ಯಾರು ಹೇಳಿಕೊಟ್ರು ಮೇಡಂ ಅದಕ್ಕೆ?" ಎಂದೆ. "ಅದೇ ಕಣ್ರೀ ನಂಗೂ ಗೊತ್ತಾಗಬೇಕಿರೋದು" ಎಂದರು. ಆಮೇಲೆ ಒಳ್ಳೆಯ ಸ್ಲೈಡ್ ಸಿಕ್ಕಾಗಲೆಲ್ಲ ನನ್ನನ್ನು ಕರೆದು ತೋರಿಸುತ್ತಿದ್ದರು.

ಹಳ್ಳಿಗಳಿಂದ ಸಗಣಿ ತರುವುದು ನನ್ನ ಕೆಲಸ. ಒಂದು ಯುಗಾದಿಯ ಮಾರನೇ ದಿನ ನಾನು ನುಗ್ಗೇಹಳ್ಳಿಗೆ ಹೋಗಬೇಕಾಗಿತ್ತು. ಅವತ್ತು ವರ್ಷತೊಡಕು. ಮನೆಮನೆಯಲ್ಲೂ ಬಾಡೂಟ ಬೇಯುವ ದಿನ ನಾನು ಎರಡು ಬಸ್ಸು ಹಿಡಿದು ಮಳೆಯನ್ನೇ ನಂಬಿದ ಆ ಬೆದ್ದಲು ಸೀಮೆಗೆ ಹೋಗಿ ಯಾರ ಕೊಟ್ಟಿಗೆಯ ಮುಂದೆ ಡಬ್ಬಿ ಹಿಡಿದು ನಿಲ್ಲಲಿ? ಸಾಲಗಾಮೆಯಲ್ಲಿ ನನ್ನ ತಂಗಿಯ ಮನೆಯಿತ್ತು. ಹೊಟ್ಟೆ ತುಂಬ ಉಂಡು, ಅವಳ ಸೀಮೆ ಹಸುವಿನ ಸಗಣಿಯನ್ನೇ ಎಲ್ಲ ಡಬ್ಬಿಗೂ ತುಂಬಿದೆ. ಚೀಟಿಗಳಲ್ಲಿ ನುಗ್ಗೇಹಳ್ಳಿ ಎಂದು ಬರೆದೆ. ಸಗಣಿ ಯಾವ ಹಸುವಿನದಾದರೇನು ಎಂದುಕೊಂಡೆ. ಇಷ್ಟೇ ನಾನು ಮಾಡಿದ್ದು. ಇಷ್ಟೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

ತಂಗಿಯ ಹಸು ಕೆರೆ ಕೆಳಗಿನ ಗದ್ದೆ ಬಯಲಲ್ಲಿ ಮೇಯುತ್ತಿತ್ತು. ಮಾರನೇ ದಿನ ಡಾಕ್ಟ್ರಮ್ಮ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, "ಬನ್ನಿ ಇಲ್ಲಿ! ನೋಡಿ ಇದನ್ನ!" ಎಂದು ಕೂಗಿದರು. ಚಿನ್ನದ ಮೊಟ್ಟೆ, ಎಲ್ಲ ಡಬ್ಬಿಯಲ್ಲೂ. "ಗದ್ದೆ ಇಲ್ಲ, ನಾಲೆ ಇಲ್ಲ. ನುಗ್ಗೇಹಳ್ಳಿಗೆ ಈ ಹುಳು ಹೇಗೆ ಬಂತು?" ಅವರ ಮುಖದಲ್ಲಿದ್ದ ಸಂತೋಷ ನೋಡಿ ನನ್ನ ಬಾಯಿ ಕಟ್ಟಿಹೋಯಿತು. ನಕ್ಷೆಯ ಆ ಖಾಲಿ ಮೂಲೆಗೆ ಅವರು ಕೆಂಪು ಬೊಟ್ಟು ಅಂಟಿಸಿ, ಸ್ವಲ್ಪ ದೂರ ನಿಂತು ಬಹಳ ಹೊತ್ತು ನೋಡಿದರು.

ಆ ವಾರವೇ ಬಸವನಹುಳ ಹುಡುಕಲು ಅವರ ಜೊತೆ ನುಗ್ಗೇಹಳ್ಳಿಗೆ ಹೋದೆ. ಸೀರೆಯ ನೆರಿಗೆ ಎತ್ತಿಕಟ್ಟಿ, ಟೀ ಜರಡಿ ಹಿಡಿದು, ಕೆರೆಯಂಚು, ದನದ ತೊಟ್ಟಿ, ತೆಂಗಿನ ತೋಟದ ಕಾಲುವೆ ಎಲ್ಲವನ್ನೂ ಸೋಸಿದರು. ದನ ಕಾಯುತ್ತಿದ್ದ ಮುದುಕನೊಬ್ಬ ಬಂದು ಕೇಳಿದ, "ಏನವ್ವಾ ಉಡುಕ್ತಾ ಇದ್ದೀಯ? ಓಲೆ ಗೀಲೆ ಕಳ್ಕಂಡ್ಯಾ?"

"ಬಸವನಹುಳ ಹುಡುಕ್ತಾ ಇದ್ದೀನಿ ತಾತ."

"ಬಸವನುಳ ಉಡುಕಕ್ಕೆ ಸರ್ಕಾರ ಸಂಬ್ಳ ಕೊಡ್ತದಾ? ಅಂಗಾರೆ ನನ್ನೂ ಸೇರಿಸ್ಕಳವ್ವಾ, ಬಗ್ಗಕ್ಕೆ ಬತ್ತದೆ ನಂಗೂ."

ಡಾಕ್ಟ್ರಮ್ಮ ಮನಸಾರೆ ನಕ್ಕರು. ನಾನು ಮಾತ್ರ ಆ ಮುದುಕ, 'ಸಗಣಿ ತಗಳಕ್ಕೆ ಯಾರೂ ಬಂದಿರ್ನಿಲ್ವಲ್ಲ' ಎಂದಾನೆಂದು ಬೆವರುತ್ತಿದ್ದೆ. ಅವನು ಹಾಗೆ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಸವನಹುಳ ಒಂದೂ ಸಿಗಲಿಲ್ಲ. ಬಸ್ಸಿನಲ್ಲಿ ಒದ್ದೆ ಸೀರೆ ಹಿಂಡುತ್ತಾ ಅವರು ಹೇಳಿದರು, "ನಮಗೆ ಹುಡುಕೋಕೆ ಬಂದಿಲ್ಲ, ಅಷ್ಟೇ. ಸಗಣಿ ಸುಳ್ಳು ಹೇಳಲ್ಲ."

ಆ ವರ್ಷ ಲಿವರ್ ಹುಳುವಿನ ಔಷಧಿ ಬಂದಿದ್ದೇ ಸ್ವಲ್ಪ. ನಕ್ಷೆ ನೋಡಿ ಊರೂರಿಗೆ ಹಂಚಿದರು. ನುಗ್ಗೇಹಳ್ಳಿಗೂ ಒಂದು ಪಾಲು ಹೋಯಿತು. ನಕ್ಷೆಯಲ್ಲಿ ಬೊಟ್ಟೇ ಇಲ್ಲದ ಸಾಲಗಾಮೆಗೆ ಏನೂ ಹೋಗಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ತಂಗಿಯ ಹಸು ಸೊರಗಿತು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ. "ಏನಣ್ಣಾ ಇದು? ನೀನು ಡಾಕ್ಟ್ರಮ್ಮನ ತಾವೇ ಇದ್ದೀಯಲ್ಲ, ಒಂದು ಮಾತು ಕೇಳಬಾರ್ದಾ?" ಎಂದಳು. ಅದು ಏನೆಂದು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಆದರೆ ಡಾಕ್ಟ್ರಮ್ಮನಿಗೆ ಹೇಳಿದರೆ ಅವರು ಸಾಲಗಾಮೆಗೆ ಬರುತ್ತಾರೆ, ಬಂದರೆ ತಂಗಿ ಬಾಯಿ ಬಿಡುತ್ತಾಳೆ. "ಎಳೆ ಹುಲ್ಲು ತಿಂದದ್ದಕ್ಕೆ ಅಂಗಾಗಿದೆ, ಸರಿಯೋಗ್ತದೆ ಬುಡವ್ವ" ಎಂದುಬಿಟ್ಟೆ. ಆ ಹಸುವಿನ ಹಾಲಿನಿಂದಲೇ ಅವಳ ಮನೆ ನಡೆಯುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಹಸು ಸತ್ತಿತು. ತಂಗಿಯ ಗಂಡ ನನಗೆ ಹೇಳದೆ ನೇರ ಲ್ಯಾಬಿಗೇ ಬಂದು ಡಾಕ್ಟ್ರಮ್ಮನನ್ನು ಕರೆದ. ನಾನೂ ಪೆಟ್ಟಿಗೆ ಹೊತ್ತು ಹೋಗಲೇಬೇಕಾಯಿತು. ಹೊಲದ ಬದುವಿನಲ್ಲಿ ಅವರು ಹಸುವನ್ನು ಕೊಯ್ದು ಲಿವರನ್ನು ಸೀಳಿದರು. ಎಲೆಯಂತೆ ಚಪ್ಪಟೆಯಾದ ಹುಳುಗಳು ರಾಶಿಯಾಗಿ ಹೊರಬಂದವು.

"ವರ್ಷತೊಡಕಿನ ದಿನ ಅಣ್ಣ ಈ ಅಸೀನ ಸಗಣಿನೇ ಡಬ್ಬಿ ಡಬ್ಬೀಗೆ ತುಂಬ್ಕಂಡೋದ್ನಲ್ಲ ಡಾಕ್ಟ್ರಮ್ಮ" ಎಂದಳು ತಂಗಿ ಅಳುತ್ತಾ. "ಆವಾಗ್ಲೇ ನಿಮ್ಗೆ ಏನೂ ಕಾಣ್ನಿಲ್ವಾ?"

ಡಾಕ್ಟ್ರಮ್ಮನ ಕತ್ತಿ ನಿಂತಿತು. ನನ್ನ ಕಡೆ ನೋಡಲಿಲ್ಲ. "ಕಂಡಿತ್ತಮ್ಮಾ. ಎಲ್ಲಿಯದು ಅಂತ ತಿಳ್ಕೊಳ್ಳೋದರಲ್ಲಿ ನಾನೇ ತಪ್ಪಿದೆ" ಎಂದರು.

ವಾಪಸು ಬರುವಾಗ ಬಸ್ ಸ್ಟಾಪಿನವರೆಗೂ ಅವರು ಮುಂದೆ, ಪೆಟ್ಟಿಗೆ ಹೊತ್ತು ನಾನು ಹಿಂದೆ. ಅಲ್ಲಿ ನಿಂತು ಮೆಲ್ಲಗೆ ಕೇಳಿದರು: "ಆ ಹಸು ನುಗ್ಗೇಹಳ್ಳಿಗೆ ಯಾವಾಗ ಹೋಗಿತ್ತು?"

ನಾನು ತಲೆ ತಗ್ಗಿಸಿದೆ.

ಮರುದಿನ ನಕ್ಷೆಯಿಂದ ನಾನು ಸಗಣಿ ತಂದ ಊರುಗಳ ಬೊಟ್ಟನ್ನೆಲ್ಲ ಉಗುರಿನಿಂದ ಕಿತ್ತರು, ನಾನು ನಿಜವಾಗಿ ಹೋಗಿ ತಂದವನ್ನೂ ಬಿಡಲಿಲ್ಲ. ಯಾವುದು ನಿಜ ಎಂದು ನನ್ನನ್ನು ಕೇಳಬಹುದಿತ್ತು, ಕೇಳಲಿಲ್ಲ. ಊರೂರಿಗೆ ತಾವೇ ಹೋಗಿ ಮೊದಲಿಂದ ಶುರು ಮಾಡಿದರು. ನನ್ನ ಮೇಲೆ ಯಾರಿಗೂ ದೂರು ಕೊಡಲಿಲ್ಲ, ಗದರಲೂ ಇಲ್ಲ. ಆದರೆ ಮತ್ತೆಂದೂ ನನ್ನನ್ನು ಮೈಕ್ರೋಸ್ಕೋಪಿನ ಹತ್ತಿರ ಕರೆಯಲಿಲ್ಲ. ನಾನು ಲೋಟ ತೊಳೆಯುತ್ತಾ, ಅವರು ಕಣ್ಣಿಟ್ಟು ನೋಡುತ್ತಾ ತಮ್ಮಷ್ಟಕ್ಕೆ "ಅರೆ!" ಎನ್ನುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಏನು ಕಂಡಿತೋ… ಕೇಳುವ ಬಾಯಿ ನನಗಿರಲಿಲ್ಲ. ಕೆಲವು ವರ್ಷಕ್ಕೆ ಅವರಿಗೆ ವರ್ಗವಾಯಿತು. ನಕ್ಷೆಯನ್ನು ಸುತ್ತಿ ಜೊತೆಗೆ ಒಯ್ದರು. ಅದು ಕೊನೆಗೆ ಹೇಗೆ ಕಾಣುತ್ತಿತ್ತೋ, ಹೊಳೆನರಸೀಪುರದ ಗದ್ದೆ ಬಯಲು ದಾಟುವಾಗಲೆಲ್ಲ ಇಂದಿಗೂ ಯೋಚಿಸುತ್ತೇನೆ.

ಡಾಕ್ಟ್ರಮ್ಮ ತೀರಿಕೊಂಡ ಸುದ್ದಿ ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿದು ಎರಡು ವರ್ಷವಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಲ್ಯಾಬಿನ ಆ ಹುಡುಗಿ ನಕ್ಕ ಮೇಲೆ ತಡೆಯಲಾಗದೆ ಮೊನ್ನೆ ಸಾಲಗಾಮೆಗೆ ಹೋಗಿ, ತಂಗಿಯ ಎದುರು ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಹಸುವಿಗಾಗಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಸುವಿನ ಮಾತೇ ಎತ್ತಲಿಲ್ಲ.

"ಆಯಮ್ಮ ಆಮೇಲೆ ಇಲ್ಲೀಗೆ ಒಬ್ರೇ ಬಂದಿದ್ರು ಕಣಣ್ಣ" ಎಂದಳು. "ಊರ ದನಕ್ಕೆಲ್ಲ ಔಸ್ದಿ ತಂದಿದ್ರು. ಉರಿಬಿಸ್ಲು. ನಮ್ಮ ಬಾಗ್ಲಲ್ಲಿ ನಿಂತು ಕುಡಿಯಕ್ಕೆ ನೀರು ಕೇಳುದ್ರು. ನಮ್ಮ ಅಸೀನ ಕೊಂದ್ಬುಟ್ಟು ನೀರು ಬೇರೆ ಕೇಳ್ತೀರಾ ಅಂದ್ಬುಟ್ಟೆ. ನೀರೂ ಕುಡೀದೆ ತಲೆ ಬಗ್ಗಿಸ್ಕಂಡು ಒಂಟೋದ್ರು… ಅವತ್ತೇ ನೀನು ಇದ್ನೆಲ್ಲ ನಂಗೆ ಏಳಿದ್ರೆ?"

ಈ ಸಂಗತಿ ನನಗೆ ಗೊತ್ತಿರಲಿಲ್ಲ. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದಳು. ಬಸ್ಸಿನ ಹೊತ್ತಾಗುವವರೆಗೂ ನಾನು ಜಗಲಿಯಲ್ಲೇ ಕೂತಿದ್ದೆ. ಅವಳು ಹೊರಗೆ ಬರಲಿಲ್ಲ.