ಅರ್ಜಿಯಮ್ಮನ ಒಕ್ಕಣೆ

ನನ್ನ ಚಿಕ್ಕಮ್ಮನ ನಿಜವಾದ ಹೆಸರು ಊರಲ್ಲಿ ಹತ್ತು ಜನಕ್ಕೂ ಗೊತ್ತಿರಲಿಲ್ಲ. 'ಅರ್ಜಿಯಮ್ಮ' ಅಂದರೆ ಮಾತ್ರ ಎಲ್ಲರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದರು: ಸರ್ಕಾರಿ ಕಚೇರಿಯ ಮೆಟ್ಟಿಲ ಕೆಳಗೆ, ನೀರಿನ ಮೀಟರಿನ ಪಕ್ಕ, ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟು ನಿಲ್ಲಿಸಿದ ಮೇಜು. ಅದರ ಹಿಂದೆ ಇಪ್ಪತ್ತಾರು ವರ್ಷ ಕೂತು, ಓದು ಬರಹ ಬಾರದವರ ಕಷ್ಟಗಳನ್ನೆಲ್ಲ ಅರ್ಜಿಯಾಗಿ ಬರೆದುಕೊಟ್ಟಳು. ಅದರಲ್ಲೇ ಮನೆ ನಡೆಸಿದಳು. ಅಮ್ಮ ತೀರಿಹೋದ ಮೇಲೆ ನನ್ನನ್ನೂ ಅದರಲ್ಲೇ ಓದಿಸಿದಳು.

ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾಲಿಗೆ ಮಾತ್ರ ಕತ್ತರಿ. "ಅಳೋದನ್ನ ಆಚೆ ಮುಗಿಸ್ಕೊಂಡು ಬನ್ನಿ, ಕಾಗದ ಒದ್ದೆಯಾದ್ರೆ ಶಾಯಿ ಹರಡುತ್ತೆ" ಎಂದು ಗದರಿ, ಆಮೇಲೆ ತನ್ನ ಪಾಲಿನ ಚಹಾವನ್ನೇ ಅವರ ಕಡೆ ತಳ್ಳುತ್ತಿದ್ದಳು. ಅರ್ಜಿ ಯಾವುದೇ ಇರಲಿ, ಕೊನೆಯ ಸಾಲು ಒಂದೇ: 'ದಯಮಾಡಿ ನೆರವು ಮಂಜೂರು ಮಾಡಬೇಕೆಂದು ತಮ್ಮಲ್ಲಿ ಬೇಡಿಕೊಳ್ಳುತ್ತೇನೆ.' ಅದನ್ನು ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲಳು.

ರೈಲು ನಿಲ್ದಾಣದ ಒಬ್ಬ ಮುದಿ ಹಮಾಲಿಗೆ ಒಂದೇ ಅರ್ಜಿಯನ್ನು ಹನ್ನೊಂದು ಸಲ ಬರೆದಿದ್ದಳು. ಸೊಂಟ ಬಿದ್ದುಹೋಗಿ ಹೊರೆ ಹೊರಲಾಗದ ಮೇಲೆ ಅವನಿಗೂ ಅವನ ಹೆಂಡತಿಗೂ ದಿನಕ್ಕೆ ಒಂದು ಹೊತ್ತಿನ ಊಟವೂ ಕಷ್ಟವಾಗಿತ್ತು. ಹನ್ನೊಂದನೆಯದೂ ಕಡತಗಳ ನಡುವೆ ಕಾಣೆಯಾದ ದಿನ ಚಿಕ್ಕಮ್ಮ ಪೆನ್ನಿಗೆ ಮುಚ್ಚಳ ಹಾಕಿ, "ನಾನು ಬರೀತಿರೋದು ಅರ್ಜಿನೋ, ಕಚೇರಿ ಗೆದ್ದಲಿಗೆ ಊಟಾನೋ?" ಎಂದಳು.

ಆ ಹೊತ್ತಿಗೆ ಸರಿಯಾಗಿ ಬಂದವರು ನಮ್ಮೂರ ಶಾಲೆಯ ಟೀಚರ್. ಕಡುಬಡತನ ಕೊನೆಗಾಣಿಸಿ ಎಂದು ಸರ್ಕಾರವನ್ನು ಒತ್ತಾಯಿಸುವ ಸಂಘಟನೆಯೊಂದು ಊರೂರಲ್ಲಿ ಸಹಿ ಸಂಗ್ರಹಿಸುತ್ತಿತ್ತು; ನಮ್ಮೂರಿನ ಹೊಣೆ ಅವರದು. ಒಳ್ಳೆಯವರೇ, ಆದರೆ ಒಂದು ಲೋಟ ನೀರು ಕೇಳುವುದಕ್ಕೂ ಭಾಷಣ ಬಿಗಿಯುವವರು. ಅವರ ಒತ್ತಾಯ ಮಾತ್ರ ನೇರವಾಗಿತ್ತು: ಏನೂ ಇಲ್ಲದವರು ಕಚೇರಿಗೆ ಅಲೆಯಬಾರದು, ಅಧಿಕಾರಿಗಳೇ ಮನೆಮನೆಗೆ ಹೋಗಿ ಹೆಸರು ಬರೆದುಕೊಳ್ಳಬೇಕು, ಅರ್ಜಿ ಇಲ್ಲದೆ ತಿಂಗಳು ತಿಂಗಳು ನೆರವು ತಲುಪಬೇಕು.

"ಇದನ್ನ ನಿಮ್ಮ ಕೈಯಲ್ಲೇ ಬರೆಸ್ಬೇಕು ಅಂತ ಬಂದೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅರ್ಜಿಯೇ ಬೇಡ ಎಂಬ ಅರ್ಜಿಯನ್ನು, ಅರ್ಜಿಯಿಂದಲೇ ಹೊಟ್ಟೆ ಹೊರೆಯುವವಳ ಕೈಯಲ್ಲಿ ಬರೆಸುವುದೇ? ಸಂಜೆ ಮನೆಯಲ್ಲಿ ಕೇಳಿಯೇ ಬಿಟ್ಟೆ. "ಕೂತ ಕೊಂಬೆ ಕಡಿಯೋಕೆ ಹೊರಟಿದೀಯಲ್ಲ ಚಿಕ್ಕಮ್ಮ, ಆಮೇಲೆ ನಾವು ಏನು ತಿನ್ನೋದು?"

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ನನಗೂ ಭಯ ಇದೆ ಕಣೇ. ಈ ವಯಸ್ಸಲ್ಲಿ ಬೇರೆ ಕೆಲಸ ಯಾರು ಕೊಡ್ತಾರೆ?" ಎಂದಳು. ಎರಡು ಬಟ್ಟೆ ಮಡಿಸಿದ ಮೇಲೆ ಸೇರಿಸಿದಳು: "ಆದ್ರೆ ಹನ್ನೆರಡನೇ ಸಲ ಬರೆಯೋಕೆ ನಾಚಿಕೆ ಆಗುತ್ತೆ."

ಬರೆದಳು. ಟೀಚರ್ ಸಾವಿರ ಪ್ರತಿ ಜೆರಾಕ್ಸ್ ಮಾಡಿಸಿ ತಂದು ಮೇಜಿನ ಮೇಲೆ ಇಟ್ಟ ನಂತರವೇ ಕೊನೆಯ ಸಾಲು ಅವರ ಕಣ್ಣಿಗೆ ಬಿದ್ದದ್ದು. ಅಭ್ಯಾಸಬಲ! '...ಎಂದು ತಮ್ಮಲ್ಲಿ ಬೇಡಿಕೊಳ್ಳುತ್ತೇವೆ.'

"ನಾವು ಬೇಡ್ತಿಲ್ಲ ಅಮ್ಮ! ಇದು ಭಿಕ್ಷೆ ಅಲ್ಲ, ಹಕ್ಕು!" ಟೀಚರ್ ಮುಖ ಕೆಂಪಾಯಿತು.

"ಮತ್ತೆ ಮೇಲೆ ನೀವೇ 'ನಮ್ಮ ಬೇಡಿಕೆಗಳು' ಅಂತ ಬರೆಸಿದೀರಲ್ಲ? ಬೇಡದೆ ಬೇಡಿಕೆ ಎಲ್ಲಿಂದ ಬಂತು ಟೀಚರ್?"

ಮೆಟ್ಟಿಲ ಮೇಲೆ ಕೂತಿದ್ದ ಹಮಾಲಿ ಗೊಳ್ಳೆಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಮ್ಮಾ, ಹನ್ನೊಂದು ಸಲ ಬೇಡಿದ್ದಾಯ್ತು. ಈ ಸಲ ಬೇರೆ ಏನಾದ್ರೂ ಬರೀರಿ" ಎಂದ.

ಆ ಮಾತು ಚಿಕ್ಕಮ್ಮನಿಗೆ ನಾಟಿತು. ಎರಡು ದಿನ ಕೂತು ಸಾವಿರ ಹಾಳೆಗಳಲ್ಲೂ ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಕೈಯಲ್ಲೇ ಬರೆದಳು: 'ಉತ್ತರ ಬರುವ ತನಕ ಇಲ್ಲೇ ಇರುತ್ತೇವೆ.'

ಬರೆದ ಮೇಲೆ ಇರಲೇಬೇಕಲ್ಲ. ಸಹಿ, ಹೆಬ್ಬೆಟ್ಟು ಬಿದ್ದ ಹಾಳೆಗಳು ರಾಜಧಾನಿಗೆ ಹೋದವು. ಜನ ದಿನಾ ಮಧ್ಯಾಹ್ನ ಕಚೇರಿಯ ಎದುರು ಬಂದು ಒಂದು ಗಂಟೆ ಸುಮ್ಮನೆ ನಿಂತರು. ಮೊದಲ ದಿನ ಏಳೇ ಜನ. ಗುಮಾಸ್ತರು ಕಿಟಕಿಯಿಂದ ನೋಡಿ ನಕ್ಕರು. ತಿಂಗಳು ಕಳೆಯುವಷ್ಟರಲ್ಲಿ ರಸ್ತೆ ದಾಟಲು ಜಾಗವಿರಲಿಲ್ಲ. ಬೇರೆ ಊರುಗಳಲ್ಲೂ ಹಾಗೇ ನಿಂತರಂತೆ. ಹನಿಗೂಡಿದರೆ ಹಳ್ಳ ಅನ್ನುವುದು ಸುಳ್ಳಲ್ಲ. ಏಳು ತಿಂಗಳ ನಂತರ ಸರ್ಕಾರ ಅರೆಮನಸ್ಸಿನಿಂದ ಒಪ್ಪಿತು: ಮೊದಲು ಕೆಲವೇ ಊರುಗಳಲ್ಲಿ. ನಮ್ಮೂರು ಅದರಲ್ಲಿತ್ತು.

ಹಮಾಲಿಯ ಮನೆಗೆ ನೆರವು ಬಂತು. ಚಿಕ್ಕಮ್ಮನ ಮೇಜಿಗೆ ಜನ ಬರುವುದು ನಿಂತಿತು. ಬೆಳಿಗ್ಗೆ ಹೋಗಿ ಕೂರುತ್ತಿದ್ದಳು, ಸಂಜೆ ಬರಿಗೈಯಲ್ಲಿ ಬರುತ್ತಿದ್ದಳು. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಒಲೆ ಹೊತ್ತಿಸುವುದು ದಿನಕ್ಕೆ ಒಂದೇ ಸಲವಾಯಿತು. "ಹಸಿವಿಲ್ಲ ಕಣೇ" ಅನ್ನುತ್ತಿದ್ದಳು. ಅದು ಸುಳ್ಳೆಂದು ನನಗೆ ಗೊತ್ತು, ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತು. ಟೀಚರ್ ಮೇಲೆ, ಆ ಗೆಲುವಿನ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು. ಮುಚ್ಚಿಡುವುದೇನು?

ಹೀಗಿರುವಾಗ ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುವ ಗಣತಿಯ ಎರಡನೇ ಸುತ್ತು ಶುರುವಾಗಿ, ಒಂದು ಬೆಳಿಗ್ಗೆ ಗಣತಿಯ ಹೆಂಗಸು ನಮ್ಮ ಬಾಗಿಲು ತಟ್ಟಿದಳು. ಒಲೆ ನೋಡಿದಳು, ಖಾಲಿ ಡಬ್ಬಗಳನ್ನು ನೋಡಿದಳು. ಮನೆಯಲ್ಲಿ ಎಷ್ಟು ಜನ, ಏನು ಕೆಲಸ ಎಂದು ಕೇಳಿದಳು.

"ಕೆಲಸ ಇತ್ತಮ್ಮ. ನೀವು ಬಂದ್ರಿ, ಅದು ಹೋಯ್ತು" ಎಂದು ಚಿಕ್ಕಮ್ಮ ನಕ್ಕಳು. ಆಮೇಲೆ, ನಾನೆಂದೂ ಅವಳಲ್ಲಿ ಕಾಣದ ಸಂಕೋಚದಿಂದ, "ನಮ್ಮ ಹೆಸರು ಸೇರುತ್ತಾ? ಬೇಕಾದ್ರೆ ಈಗಲೇ ಬರೆದುಕೊಡ್ತೀನಿ" ಎಂದು ಕಾಗದ ಹುಡುಕತೊಡಗಿದಳು.

"ಅದೆಲ್ಲ ಏನೂ ಬೇಡಮ್ಮ. ಸೇರಿಸಿದ್ದಾಯ್ತು. ಮುಂದಿನ ತಿಂಗಳಿಂದ ಬರುತ್ತೆ." ಅವಳು ಪುಸ್ತಕ ಮುಚ್ಚಿ ಪಕ್ಕದ ಮನೆಗೆ ಹೋದಳು.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಹುಡುಕಿ ತೆಗೆದಿದ್ದ ಕಾಗದವನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

"ಇಷ್ಟೇನಾ?" ಎಂದಳು. "ಇಷ್ಟು ಸುಲಭ ಇತ್ತಾ ಇದು? ಹಾಗಾದ್ರೆ ಇಷ್ಟು ವರ್ಷ ಆ ಜನಾನ ಯಾಕೇ ಅಲೆಸಿದ್ರು?"